ಅರವತ್ತು ಸಂವತ್ಸರಗಳ ಈಜು

ಈ ಪತ್ರಿಕೆಯ ವಾಚಕರಲ್ಲಿ ಕೆಲವರು ನನ್ನ ಶಿಷ್ಯರು. ಮತ್ತೆ ಕೆಲವರು ನನ್ನ ಶಿಷ್ಯರ ತಂದೆತಾಯಿಗಳು. ಅವರು ನನ್ನನ್ನು ಕಂಡಿರುವುದೆಲ್ಲ ಕರಿಹಲಗೆಯ ಮುಂದೆ, ಸೀಮೆಸುಣ್ಣ ಹಿಡಿದು ರಾಮಶಬ್ದವನ್ನು ಒಪ್ಪಿಸಿಕೊಳ್ಳುವವನಾಗಿ. ಅಂಥವನು ಕ್ರೋಧಿ ಸಂವತ್ಸರದ ಮಾರ್ಗಶಿರ ಮಾಸದಲ್ಲಿ, ಎಂದರೆ ೨೦೨೪ನೆಯ ಡಿಸೆಂಬರಿನ ಒಂದು ಭಾನುವಾರ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ತಲೆಗೆ ರಬ್ಬರಿನ ಟೊಪ್ಪಿಗೆ ಬಿಗಿದುಕೊಂಡು, ತೊಡೆಗಂಟಿದ ಚಡ್ಡಿಯನ್ನು ತೊಟ್ಟು, ಹೊಸಪೇಟೆಯ ಒಂದು ಈಜುಕೊಳದ ಅಂಚಿನಲ್ಲಿ ನಡುಗುತ್ತ ನಿಂತಿದ್ದನೆಂದರೆ ಅವರು ನಂಬಲಾರರು. ನಂಬಲಾರದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ದಿನ ನಾನು ಕೈಗೊಂಡದ್ದು ಟ್ರಯಥ್ಲಾನ್ ಎಂಬ ಪಂದ್ಯ. ಮೊದಲು ಈಜು, ನೀರಿನಿಂದೆದ್ದು ಸೈಕಲ್ ಸವಾರಿ, ಸೈಕಲಿನಿಂದಿಳಿದು ಓಟ. ನಡುವೆ ಗಡಿಯಾರವು ಯಾರಿಗಾಗಿಯೂ ನಿಲ್ಲದು. ಬಟ್ಟೆ ಬದಲಿಸುವ ಹೊತ್ತೂ ಲೆಕ್ಕಕ್ಕೆ ಸೇರುವುದು. ಹೆಸರು ಗ್ರೀಕರದು. ಅವರ ‘ತ್ರಿ’ಯೂ ನಮ್ಮ ‘ತ್ರಿ’ಯೂ ಒಂದೇ ತಾಯಿಯ ಮಕ್ಕಳಾದ್ದರಿಂದ ನನಗೆ ಅರ್ಧ ಹೆಸರು ಮೊದಲ ದಿನವೇ ಪರಿಚಿತವೆನಿಸಿತು, ಉಳಿದರ್ಧವಾದ ‘ಅಥ್ಲೋನ್’ ಎಂದರೆ ಪಂದ್ಯದ ಪಣ. ಹೆಸರು ಹಳೆಯದಾದರೂ ಆಟ ಹೊಸದು. ೧೯೭೪ನೆಯ ಸೆಪ್ಟೆಂಬರ್ ೨೫ರಂದು ಅಮೆರಿಕೆಯ ಸ್ಯಾನ್ ಡಿಯಾಗೋ ನಗರದ ಕೊಲ್ಲಿಯ ದಡದಲ್ಲಿ ಈ ಹೆಸರಿನಿಂದ ಮೊದಲ ಪಂದ್ಯ ನಡೆಯಿತು. ೧೯೭೮ರಲ್ಲಿ ಹವಾಯಿ ದ್ವೀಪದಲ್ಲಿ, ಈಜುವವನು ಗಟ್ಟಿಗನೋ ಓಡುವವನು ಗಟ್ಟಿಗನೋ ಸೈಕಲ್ ತುಳಿಯುವವನು ಗಟ್ಟಿಗನೋ ಎಂಬ ವಾದ ಹುಟ್ಟಲು, ಜಾನ್ ಕಾಲಿನ್ಸ್ ಎಂಬ ನೌಕಾದಳದ ಅಧಿಕಾರಿಯು ಮೂರನ್ನೂ ಒಂದೇ ದಿನ ಮಾಡಿ ನೋಡೋಣವೆಂದನಂತೆ. ೩.೮ ಕಿಲೋಮೀಟರು ಕಡಲಿನಲ್ಲಿ ಈಜು, ೧೮೦ ಕಿಲೋಮೀಟರು ಸೈಕಲ್, ೪೨ ಕಿಲೋಮೀಟರು ಓಟ. ಹೊರಟವರು ೧೫ ಮಂದಿ, ಮುಗಿಸಿದವರು ೧೨ ಮಂದಿ. ಮುಗಿಸಿದವನಿಗೆ ‘ಕಬ್ಬಿಣದ ಮನುಷ್ಯ’ ಎಂಬ ಬಿರುದು. ನಮ್ಮ ಶಾಸ್ತ್ರಾರ್ಥಸಭೆಗಳಲ್ಲಿ ವಾದಗಳನ್ನು ಇಷ್ಟು ಪ್ರತ್ಯಕ್ಷವಾಗಿ ತೀರಿಸಿದ್ದನ್ನು ನಾನು ಕಂಡಿಲ್ಲ.

ಅದರ ಅರ್ಧದಷ್ಟರ ಪಂದ್ಯವು ೨೦೧೯ರಿಂದ ಗೋವೆಯಲ್ಲಿ ನಡೆಯುತ್ತ ಬಂದಿದೆ. ೨೦೨೪ರ ಅಕ್ಟೋಬರ್ ೨೭ರಂದು ಬೆಂಗಳೂರು ದಕ್ಷಿಣದ ಲೋಕಸಭಾ ಸದಸ್ಯರಾದ ತೇಜಸ್ವಿ ಸೂರ್ಯರು ಅಲ್ಲಿ ೮ ಗಂಟೆ ೨೭ ನಿಮಿಷಗಳಲ್ಲಿ ಅದನ್ನು ಪೂರೈಸಿದರೆಂದು ಪತ್ರಿಕೆಗಳಲ್ಲಿ ಬಂದಾಗ ನನ್ನ ಹಳೆಯ ಶಿಷ್ಯರು ನಾಲ್ವರಿಗೆ ನಿದ್ರೆ ಹಾರಿಹೋಯಿತು. ಒಬ್ಬನು ವೈದ್ಯ, ಒಬ್ಬನು ಬ್ಯಾಂಕಿನವನು, ಒಬ್ಬನು ಮನೆಯಲ್ಲಿ ಕುಳಿತೇ ಬೆಂಗಳೂರಿನ ಕೆಲಸ ಮಾಡುವವನು, ನಾಲ್ಕನೆಯವನಿಗೆ ಹಾರ್ಡ್‌ವೇರ್ ಅಂಗಡಿ. ಮರುವರ್ಷ ಗೋವೆಗೆ ಹೋಗುವುದೆಂದೂ, ಅದಕ್ಕೆ ಮುಂಚೆ ಊರಿನಲ್ಲಿಯೇ ಸಣ್ಣ ಪ್ರಮಾಣದಲ್ಲಿ ತಾಲೀಮು ನಡೆಸುವುದೆಂದೂ ನಿಶ್ಚಯವಾಯಿತು. ಪ್ರಮಾಣವು ೨೦೦೦ದಲ್ಲಿ ಸಿಡ್ನಿಯ ಒಲಿಂಪಿಕ್ ಕೂಟದಲ್ಲಿ ಈ ಆಟವನ್ನು ಮೊದಲು ಸೇರಿಸಿಕೊಂಡಾಗ ಇದ್ದದ್ದೇ: ಒಂದೂವರೆ ಕಿಲೋಮೀಟರು ಈಜು, ೪೦ ಕಿಲೋಮೀಟರು ಸೈಕಲ್, ೧೦ ಕಿಲೋಮೀಟರು ಓಟ. ವೈದ್ಯ ಶಿಷ್ಯನು ನನ್ನ ಮೊಣಕಾಲಿನ ನೋವಿಗೂ ಸಕ್ಕರೆಯ ಕಾಯಿಲೆಗೂ ಔಷಧ ಕೊಡುವವನು. ಎರಡು ವರ್ಷಗಳ ಹಿಂದೆ ನನ್ನನ್ನು ಈಜುಕೊಳಕ್ಕೆ ಅಟ್ಟಿದವನೂ ಅವನೇ. “ಗುರುಗಳೇ, ತಾವೂ ಬನ್ನಿ. ಮುಗಿಸಲೇಬೇಕೆಂದೇನೂ ಇಲ್ಲ,” ಎಂದನು. ಮುಗಿಸಲೇಬೇಕೆಂದೇನೂ ಇಲ್ಲವೆಂದು ಶಿಷ್ಯನಿಂದ ಹೇಳಿಸಿಕೊಂಡ ಯಾವ ಉಪಾಧ್ಯಾಯನು ಸುಮ್ಮನಿದ್ದಾನು?

ಈಜು ಹೊಳೆಯಲ್ಲಿಯೇ ನಡೆಯಲೆಂದು ಅಂಗಡಿಯವನಿಗೆ ಆಸೆಯಿತ್ತು. ತುಂಗಭದ್ರೆ ಮಗ್ಗುಲಿಗಿರಲು ಕೊಳವೇಕೆಂಬುದು ಅವನ ವಾದ. ಆದರೆ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯ ಸೇತುವೆಯವರೆಗಿನ ಹೊಳೆಯನ್ನು ೨೦೧೫ರಲ್ಲಿ ಸರ್ಕಾರವು ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಾಗಿಟ್ಟಿದೆ. ಅಲ್ಲಿ ನೀರುನಾಯಿಗಳಷ್ಟೇ ಅಲ್ಲ, ಮೊಸಳೆಗಳೂ ಇವೆ. ೨೦೨೪ರ ಆಗಸ್ಟಿನಲ್ಲಿ ಅಣೆಕಟ್ಟಿನ ೧೯ನೆಯ ಬಾಗಿಲು ಕೊಚ್ಚಿಹೋಗಿ ಇಡೀ ಸೀಮೆಯು ವಾರಕಾಲ ಉಸಿರು ಬಿಗಿಹಿಡಿದಿದ್ದುದು ಎಲ್ಲರ ಕಣ್ಣಿನಲ್ಲಿಯೂ ಇತ್ತು. ಹೊಳೆಯ ಮಾತು ಬಿದ್ದುಹೋಯಿತು. ನನಗೆ ನೆಮ್ಮದಿಯಾಯಿತು, ಆದರೆ ಕಾರಣ ನೀರುನಾಯಿಯೂ ಅಲ್ಲ, ಮೊಸಳೆಯೂ ಅಲ್ಲ.

ನಾನು ಹುಟ್ಟಿದ್ದು ಕಂಪ್ಲಿಯಲ್ಲಿ, ೧೯೬೧ರ ಕಾರ್ತಿಕದಲ್ಲಿ. ಅದು ಪ್ಲವ ಸಂವತ್ಸರ. ಪ್ಲವವೆಂದರೆ ತೇಲುವುದು, ತೆಪ್ಪ, ಈಜು. ಹೆಸರಿಗೆ ತಕ್ಕಂತೆ ನಾನು ನಡೆಯುವುದನ್ನು ಕಲಿತ ಕೆಲವೇ ವರ್ಷಗಳಲ್ಲಿ ಈಜುವುದನ್ನೂ ಕಲಿತೆನೆಂದು ನಮ್ಮಮ್ಮ ಹೇಳುತ್ತಿದ್ದಳು. ಕಲಿಸಿದವನು ನನ್ನಣ್ಣ, ನನಗಿಂತ ನಾಲ್ಕು ವರ್ಷ ಹಿರಿಯನು. ೧೯೭೪ರ ಬೇಸಗೆಯಲ್ಲಿ ಅವನು ಹತ್ತನೆಯ ತರಗತಿಯ ಪರೀಕ್ಷೆ ಬರೆದು ಬಿಡುವಾಗಿದ್ದನು. ನಾನು ಆಗತಾನೆ ಪಾಠಶಾಲೆಗೆ ಸೇರಿ ಅಮರವನ್ನೂ ಸಂವತ್ಸರಗಳ ಹೆಸರನ್ನೂ ಉರುಹಚ್ಚುತ್ತಿದ್ದೆನು. ಕೋಟೆಯ ಬಳಿ ಹೊಳೆಯಲ್ಲಿ ಎರಡು ಬಂಡೆಗಳ ನಡುವೆ ಒಂದು ಮಡುವಿತ್ತು. ಬೇಸಗೆಯ ಹೊಳೆ, ನೀರಿಗೆ ಸದ್ದೂ ಇರಲಿಲ್ಲ, ಸೆಳವೂ ಕಾಣಿಸುತ್ತಿರಲಿಲ್ಲ. ಅಣ್ಣನು ನನ್ನನ್ನು ಈಚೆಯ ಬಂಡೆಯ ಮೇಲೆ ಕೂರಿಸಿ, “ನಾನು ದಾಟಿದ ಹಾಗೆಲ್ಲ ಒಂದೊಂದು ಸಂವತ್ಸರ ಹೇಳು. ನಿನ್ನ ಪಾಠವೂ ಆಗಲಿ, ನನ್ನ ಲೆಕ್ಕವೂ ಆಗಲಿ,” ಎಂದು ನೀರಿಗೆ ಬಿದ್ದನು. ಪ್ರಭವ, ವಿಭವ, ಶುಕ್ಲ, ಪ್ರಮೋದೂತ, ಪ್ರಜೋತ್ಪತ್ತಿ, ಆಂಗೀರಸ, ಶ್ರೀಮುಖ, ಭಾವ, ಯುವ. ಹತ್ತನೆಯ ಹೆಸರನ್ನು ಬಾಯಲ್ಲಿಟ್ಟುಕೊಂಡು ನಾನು ಕಾದೆನು. ಆಚೆಯ ಬಂಡೆಯನ್ನು ಅವನು ಮುಟ್ಟಲಿಲ್ಲ. ಮುಳುಗಿ ಆಟವಾಡಿಸುತ್ತಿರುವನೆಂದು ಸ್ವಲ್ಪ ಹೊತ್ತು ನಕ್ಕೆನು. ಹರಿಗೋಲಿನವರು ಅವನನ್ನು ಎತ್ತಿ ತಂದದ್ದು ಮರುದಿನ ಬೆಳಗ್ಗೆ.

ಎಲ್ಲರೂ ಎಷ್ಟು ಸಲ ದಾಟಿದನೆಂದು ನನ್ನನ್ನು ಕೇಳಿದರು. ನಾನು “ಯುವ” ಎಂದೆನು. ಯಾರಿಗೂ ತಿಳಿಯಲಿಲ್ಲ, ಅಮ್ಮನಿಗೆ ತಿಳಿಯಿತು. ಹನ್ನೊಂದನೆಯ ದಿನದ ಕರ್ಮ ಮುಗಿದ ರಾತ್ರಿ ಅವಳು ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, ಇನ್ನು ಹೊಳೆಗೆ ಇಳಿಯೆನೆಂದು ಆಣೆ ಮಾಡಿಸಿಕೊಂಡಳು. ಆ ವರ್ಷದ ಹೆಸರು ಆನಂದ ಸಂವತ್ಸರ.

ಐವತ್ತು ವರ್ಷ ನಾನು ಆ ಆಣೆಯನ್ನು ಪಾಲಿಸಿದೆನು. ಪುಣ್ಯಕಾಲಗಳಲ್ಲಿಯೂ ದಡದಲ್ಲಿ ನಿಂತು ಚೊಂಬಿನಿಂದ ಸುರಿದುಕೊಂಡೆನೇ ಹೊರತು ಇಳಿಯಲಿಲ್ಲ. ವೈದ್ಯನು ಕೊಳಕ್ಕೆ ಹೋಗೆಂದಾಗ ಪಾಠಶಾಲೆಯಲ್ಲಿ ಕಲಿತ ಮೀಮಾಂಸೆ ಉಪಯೋಗಕ್ಕೆ ಬಂದಿತು: ನಿಷೇಧವಾಕ್ಯದಲ್ಲಿರುವುದು ‘ಹೊಳೆ’ ಎಂಬ ಪದ, ಕೊಳವು ಹೊಳೆಯಲ್ಲ, ಆದುದರಿಂದ ಕೊಳಕ್ಕೆ ನಿಷೇಧವಿಲ್ಲ. ನಿರ್ಣಯವು ದೋಷರಹಿತವಾಗಿತ್ತು. ಆದರೆ ನಿರ್ಣಯವು ಅಷ್ಟು ನಿರ್ದುಷ್ಟವಾಗಿದ್ದ ಪಕ್ಷದಲ್ಲಿ, ಎರಡು ವರ್ಷಗಳ ಕಾಲ ನಾನು ಒದ್ದೆಯ ಟವೆಲನ್ನು ಹಿತ್ತಲಿನ ತಂತಿಗೆ ಹಾಕದೆ, ಅಟ್ಟದ ಮೇಲೆ ಹಳೆಯ ಪುಸ್ತಕದ ಪೆಟ್ಟಿಗೆಗಳ ಹಿಂದೆ ಒಣಗಿಸುತ್ತಿದ್ದುದೇಕೆ? ಅಮ್ಮನಿಗೆ ಈಗ ಎಂಬತ್ತೈದು. ಕಣ್ಣು ಮಂದ. ನನ್ನ ಹೆಂಡತಿಯು ಈ ಕಳ್ಳತನದಲ್ಲಿ ಪಾಲುದಾರಳಾಗಿ, “ಒಂದು ದಿನ ಹೇಳಿಬಿಡಿ,” ಎಂದು ತಿಂಗಳಿಗೊಮ್ಮೆ ಹೇಳುತ್ತಿದ್ದಳು. ನಾನು ತಿಂಗಳಿಗೊಮ್ಮೆ ಒಪ್ಪುತ್ತಿದ್ದೆನು.

ಪಂದ್ಯದ ದಿನ ನಾಲ್ಕು ಗಂಟೆಗೆ ಎದ್ದು ಸದ್ದಾಗದಂತೆ ಚೀಲವನ್ನು ಹೆಗಲಿಗೇರಿಸಿದೆನು. ನಡುಮನೆಯಲ್ಲಿ ದೀಪ ಹತ್ತಿತು. ಅಮ್ಮನು ಚಾಪೆಯ ಮೇಲೆ ಕುಳಿತಿದ್ದಳು, ಪಕ್ಕದಲ್ಲಿ ಎಳ್ಳೆಣ್ಣೆಯ ಗಿಂಡಿ.

“ಬಾ ಇಲ್ಲಿ. ಬಗ್ಗು,” ಎಂದಳು. ಬಗ್ಗಿದೆನು. ನೆತ್ತಿಗೆ ಎಣ್ಣೆಯಿಟ್ಟು ತಟ್ಟಿದಳು. “ಮಾರ್ಗಶಿರದ ನೀರು, ತಣ್ಣಗಿರ್ತದ,” ಎಂದಿಷ್ಟೇ ಹೇಳಿ ದೀಪವಾರಿಸಿ ಮಲಗಿದಳು.

ನಾನು ಮಾತಿಲ್ಲದೆ ಹೊರಕ್ಕೆ ಬಂದೆನು. ದಾರಿಯಲ್ಲಿ ನನಗೆ, ವಿಚಿತ್ರವೆನ್ನಿ, ಕೃಷ್ಣದೇವರಾಯನ ನೆನಪಾಯಿತು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸನಾದ ಡೊಮಿಂಗೊ ಪಾಯೆಸನು ರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ೧೯೦೦ರಲ್ಲಿ ಸೆವೆಲನು ಅದನ್ನು ಇಂಗ್ಲಿಷಿಗೆ ತಂದನು. ರಾಯನು ಬೆಳಗಾಗುವ ಮುನ್ನವೇ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಬಳಿದುಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ವರಸೆ ಮಾಡಿ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಜಟ್ಟಿಯೊಡನೆ ಕುಸ್ತಿ ಹಿಡಿದು, ಬಳಿಕ ಕುದುರೆಯೇರಿ ಹೊತ್ತು ಮೂಡುವವರೆಗೆ ಬಯಲಿನಲ್ಲಿ ಓಡಿಸುತ್ತಿದ್ದನಂತೆ. ಭಾರ, ಮಲ್ಲಯುದ್ಧ, ಸವಾರಿ: ಎಣಿಸಿದರೆ ಮೂರೇ. ಹವಾಯಿಯ ಅಧಿಕಾರಿಗೆ ನಾಲ್ಕೂವರೆ ಶತಮಾನ ಮುಂಚೆ ನಮ್ಮ ಹಂಪಿಯಲ್ಲಿ ಇದು ನಿತ್ಯವಿಧಿಯಾಗಿತ್ತೆಂದು ನಾನು ಶಿಷ್ಯರಿಗೆ ಹೇಳಿದಾಗ ಬ್ಯಾಂಕಿನವನು, “ಆದರೆ ರಾಯರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಗುರುಗಳೇ,” ಎಂದನು. ರಾಯನಾದರೆ ಮೈಯೆಲ್ಲ ಎಣ್ಣೆ ಬಳಿದುಕೊಳ್ಳಬಹುದಿತ್ತು. ಕೊಳದ ಕಾವಲುಗಾರನು ಎಣ್ಣೆಯ ತಲೆಯನ್ನು ನೀರಿಗೆ ಬಿಡುವವನಲ್ಲ. ಅಮ್ಮನಿಟ್ಟ ಎಣ್ಣೆಯನ್ನು ನಾನು ತೊಳೆಯಲಾರದೆ ರಬ್ಬರಿನ ಟೊಪ್ಪಿಗೆಯ ಒಳಗೆ ಅಡಗಿಸಿದೆನು. ಇದು ಆ ದಿನದ ಎರಡನೆಯ ಕಳ್ಳತನ.

ಕೊಳದ ಉದ್ದ ೨೫ ಮೀಟರು. ಒಂದೂವರೆ ಕಿಲೋಮೀಟರಿಗೆ ಅರವತ್ತು ಉದ್ದಗಳಾಗಬೇಕು. ಅರವತ್ತೆಂದೊಡನೆ ಪಂಚಾಂಗ ಬಲ್ಲವನ ಬಾಯಿಗೆ ಏನು ಬರುವುದೆಂದು ಹೇಳಬೇಕಾಗಿಲ್ಲ. ಅದುವರೆಗೆ ನಾನು ಈಜಿದಾಗಲೆಲ್ಲ ಅಂಕಿಗಳಿಂದಲೇ ಎಣಿಸುತ್ತಿದ್ದೆನು, ಅದೂ ಇಪ್ಪತ್ತು ಮೂವತ್ತಕ್ಕೆ ನಿಲ್ಲಿಸಿಬಿಡುತ್ತಿದ್ದೆನು. ಆ ದಿನ ನೀರಿಗೆ ಬಿದ್ದು ಕೈ ಚಾಚಿದಾಗ, ನಾನು ಬೇಕೆಂದು ಕರೆಯದೆಯೇ ‘ಪ್ರಭವ’ ಎಂಬ ಹೆಸರು ಬಂದಿತು. ಮುಂದಿನದಕ್ಕೆ ‘ವಿಭವ’. ಅಂಕಿಗೆ ಬದಲಾಯಿಸೋಣವೆಂದು ನೋಡಿದೆನು, ಆಗಲಿಲ್ಲ. ನೀರಿನಲ್ಲಿ ಮುಖವಿದ್ದಾಗ ಮನುಷ್ಯನಿಗೆ ತನ್ನ ಉಸಿರಿನ ಸದ್ದಲ್ಲದೆ ಬೇರೇನೂ ಕೇಳಿಸದು. ಆ ಸದ್ದಿನೊಳಗೆ ಹನ್ನೆರಡು ವರ್ಷದ ಹುಡುಗನೊಬ್ಬನು ಬಂಡೆಯ ಮೇಲೆ ಕುಳಿತು ಪಾಠ ಒಪ್ಪಿಸುತ್ತಿದ್ದನು.

‘ಯುವ’ದ ಗೋಡೆಯನ್ನು ಮುಟ್ಟಿ ನಾನು ನಿಂತುಬಿಟ್ಟೆನು. ಶಿಷ್ಯರು ಮುಂದೆ ಹೋಗಿದ್ದರು. ಲೆಕ್ಕ ಬರೆಯಲು ಕುಳಿತಿದ್ದ ಹುಡುಗನು ಓಡಿ ಬಂದು, “ಇಷ್ಟು ಬೇಗ ದಣಿವಾಯಿತೇ ಗುರುಗಳೇ? ಒಂಬತ್ತೇ ಆಗಿರುವುದು,” ಎಂದನು. “ಒಂಬತ್ತೆಂದು ನನಗೆ ಗೊತ್ತು,” ಎಂದೆನು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಮೂರು ನಿಮಿಷವೆಂದು ಅವನ ಪಟ್ಟಿಯಲ್ಲಿದೆ. ಟೊಪ್ಪಿಗೆಯ ಅಂಚಿನಿಂದ ಒಂದು ಹನಿ ಎಣ್ಣೆ ಹಣೆಗಿಳಿದು ತುಟಿಗೆ ಬಂದಿತು. ಗೋಡೆಯನ್ನು ಒದ್ದು ಹೊರಟೆನು. ಆಚೆಯ ಗೋಡೆಯನ್ನು ಮುಟ್ಟಿದಾಗ ‘ಧಾತು’ ಎಂದು ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಬಾಯಿಗೆ ನೀರು ಹೋಗಿ ಕೆಮ್ಮು ಬಂದಿತು.

ಅಲ್ಲಿಂದಾಚೆಗೆ ಕೈಕಾಲುಗಳು ತಮ್ಮ ಪಾಡಿಗೆ ತಾವು ನಡೆದುವು. ಮೂವತ್ತೈದನೆಯದು ನಾನು ಹುಟ್ಟಿದ ಪ್ಲವ. ನಲವತ್ತೊಂದನೆಯದು ಪ್ಲವಂಗ, ಎಂದರೆ ನೆಗೆದು ಸಾಗುವ ಕಪಿ. ಕಿಷ್ಕಿಂಧೆಯ ಸೀಮೆಯವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ, ಮನೆಯ ಹೆಂಚುಗಳೇ ಹೇಳುತ್ತವೆ. ನಲವತ್ತಾರನೆಯದು ಪರಿಧಾವಿ, ಸುತ್ತಲೂ ಓಡುವವನು. ಓಟವಿನ್ನೂ ಬಾಕಿಯುಂಟೆಂಬುದನ್ನು ಅದು ನೆನಪಿಸಿತು. ನಲವತ್ತೆಂಟನೆಯದಾದ ಆನಂದವನ್ನು ಕಣ್ಣುಮುಚ್ಚಿ ದಾಟಿದೆನು. ‘ಕ್ಷಯ’ ಮುಗಿಸಿ ಮೇಲೇಳಲು ಹೋದರೆ ಲೆಕ್ಕದ ಹುಡುಗನು ಐವತ್ತೊಂಬತ್ತೇ ಆಗಿದೆಯೆಂದು ಪಟ್ಟುಹಿಡಿದನು. ನನ್ನ ಪಂಚಾಂಗದಲ್ಲಿ ಕ್ಷಯಮಾಸವೂ ಇಲ್ಲ, ಲೋಪವೂ ಇಲ್ಲವೆಂದೆನು. ಅವನು ಒಪ್ಪಲಿಲ್ಲ. ವಾದವು ಈಜಿಗಿಂತ ದೀರ್ಘವಾಗುವಂತೆ ತೋರಿದ್ದರಿಂದ ಇನ್ನೊಂದು ಉದ್ದ ಈಜಿಕೊಟ್ಟೆನು. ಅದಕ್ಕೆ ಮತ್ತೆ ಪ್ರಭವವೇ. ಒಟ್ಟು ೫೬ ನಿಮಿಷ. ಶಿಷ್ಯರಲ್ಲಿ ಕೊನೆಯವನೂ ನನಗಿಂತ ಹದಿನೆಂಟು ನಿಮಿಷ ಮುಂಚೆ ಹೋಗಿದ್ದನು.

ಸೈಕಲಿನ ಭಾಗವನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಕೀರ್ತಿ ಕಡಿಮೆ. ಮೂವತ್ತು ವರ್ಷ ಶಾಲೆಗೆ ಸೈಕಲಿನಲ್ಲಿಯೇ ಹೋದವನು ನಾನು. ಆದರೆ ಅಂಗಡಿಯ ಶಿಷ್ಯನು ಕೊಟ್ಟದ್ದು ಇಪ್ಪತ್ತೊಂದು ಗೇರುಗಳ ಯಂತ್ರ. ನನಗೆ ಅದರಲ್ಲಿ ಮೂರರ ಪರಿಚಯವಷ್ಟೇ ಆಗಿದ್ದಿತು. ಸಂಡೂರಿನ ದಾರಿಯಲ್ಲಿ ೨೦ ಕಿಲೋಮೀಟರು ಹೋಗಿ ಹಿಂದಿರುಗುವುದು. ಮಳೆಗಾಲ ಮುಗಿದರೂ ಬೆಟ್ಟಗಳ ಹಸುರು ಇನ್ನೂ ಪೂರ್ತಿ ಆರಿರಲಿಲ್ಲ. ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕೆಂದು ಗಾಂಧೀಜಿಯವರು ಹೇಳಿದರೆಂದು ಪ್ರತೀತಿಯುಂಟಷ್ಟೆ, ಡಿಸೆಂಬರಿನಲ್ಲಿಯೂ ತಿರಸ್ಕರಿಸುವಂತಿಲ್ಲ. ಏರಿನಲ್ಲಿ ಇಳಿದು ಎರಡು ಕಡೆ ತಳ್ಳಿದೆನು. ೨೦೧೧ರಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಿಂದ ಗಣಿಗಳು ನಿಂತಾಗ ಈ ಭಾಗದ ದಾರಿಗಳಲ್ಲಿ ಲಾರಿಗಳು ವಿರಳವಾಗಿದ್ದುವು. ಗಣಿಗಳು ಮತ್ತೆ ತೆರೆದ ಮೇಲೆ ಲಾರಿಗಳೂ ಮರಳಿವೆ. ಭಾನುವಾರದ ಬೆಳಗಾದರೂ ಹತ್ತಾರು ಲಾರಿಗಳು ಅದಿರಿನ ಧೂಳೆರಚುತ್ತ ಪಕ್ಕದಲ್ಲಿ ಹಾದುಹೋದುವು. ಒದ್ದೆಯ ಮೈಗೆ ಅದು ಚೆನ್ನಾಗಿ ಅಂಟಿತು. ಹಿಂದಿರುಗಿದಾಗ ನಾನು ತಲೆಯಿಂದ ಕಾಲಿನವರೆಗೆ ಕೆಂಪಾಗಿದ್ದೆನು. “ಗುರುಗಳು ಕಬ್ಬಿಣದ ಮನುಷ್ಯರಾದರು!” ಎಂದು ಲೆಕ್ಕದ ಹುಡುಗನು ಚಪ್ಪಾಳೆ ತಟ್ಟಿದನು. ಹವಾಯಿಯಲ್ಲಿ ೨೨೬ ಕಿಲೋಮೀಟರು ಪಟ್ಟ ಪಾಡಿಗೆ ಕೊಡುವ ಬಿರುದು ಸಂಡೂರಿನ ದಾರಿಯಲ್ಲಿ ಇಷ್ಟು ಸುಲಭವಾಗಿ ದೊರೆಯುವುದು. ೨ ಗಂಟೆ ೨೫ ನಿಮಿಷ.

ಓಟವು ಅನಂತಶಯನಗುಡಿಯಿಂದ ಹಂಪಿಯವರೆಗೆ. ಸೈಕಲಿನಿಂದಿಳಿದವನ ಕಾಲುಗಳು ಕೆಲವು ನಿಮಿಷ ಅವನವಲ್ಲ. ತುಳಿಯುವ ಅಭ್ಯಾಸವನ್ನು ಬಿಡಲೊಲ್ಲದೆ ನೆಲವನ್ನೂ ತುಳಿಯುತ್ತವೆ. ಹಾಗೆ ತಡವರಿಸುತ್ತ ನಾನು ಗುಡಿಯ ಎತ್ತರವಾದ ಗುಮ್ಮಟದ ನೆರಳಿನಲ್ಲಿ ಹೊರಟೆನು. ಅದನ್ನು ಕೃಷ್ಣದೇವರಾಯನು ೧೫೨೪ರಲ್ಲಿ ತನ್ನ ಮಗನಾದ ತಿರುಮಲರಾಯನ ಹೆಸರಿನಲ್ಲಿ ಕಟ್ಟಿಸಿದನು. ಆ ಮಗನು ಬಾಲ್ಯದಲ್ಲಿಯೇ ತೀರಿಹೋದನು. ಒಳಗೆ ಪವಡಿಸಿದ ವಿಷ್ಣುವಿಗೆಂದು ಮಾಡಿದ ಉದ್ದನೆಯ ಪೀಠವುಂಟು, ಮೂರ್ತಿಯಿಲ್ಲ. ಮಕ್ಕಳನ್ನು ಶಾಲೆಯಿಂದ ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ನಾನು ಗುಮ್ಮಟದ ವಾಸ್ತುವನ್ನು ವಿವರಿಸಿ ಬೇಗನೆ ಹೊರಕ್ಕೆ ಕರೆತರುತ್ತಿದ್ದೆನು. ಆ ದಿನ ಹೊರಗಿನಿಂದಲೇ ಕೈಮುಗಿದೆನು, ಓಡುತ್ತಲೇ.

ಕಡ್ಡಿರಾಂಪುರದವರೆಗೆ ಓಡಿದೆನು; ಅಲ್ಲಿಂದ ಕೆಲವು ಕಡೆ ಓಡಿದೆನು, ಕೆಲವು ಕಡೆ ನಡೆದೆನು, ಒಂದು ಕಡೆ ಕಬ್ಬಿನ ಹೊಲದ ಬದುವಿನ ಮೇಲೆ ಕುಳಿತೆನು. ಹೊಲದ ಹೆಣ್ಣುಮಗಳೊಬ್ಬಳು ನನ್ನನ್ನು ನೋಡಿ, “ಯಾಕ್ರೀ ಅಜ್ಜಾರೆ, ಬಸ್ಸು ತಪ್ಪಿತೇನು?” ಎಂದು ಕೇಳಿ ಕುಡಿಯಲು ನೀರು ಕೊಟ್ಟಳು. ಬಸ್ಸು ತಪ್ಪಿಲ್ಲವೆಂದೂ, ನಾನಾಗಿಯೇ ಓಡುತ್ತಿರುವೆನೆಂದೂ ಹೇಳಿದ್ದನ್ನು ಅವಳು ನಂಬಿದಂತೆ ಕಾಣಲಿಲ್ಲ. ವೈದ್ಯ ಶಿಷ್ಯನು ತನ್ನ ಓಟವನ್ನು ಮುಗಿಸಿ ನನಗಾಗಿ ಎರಡು ಕಿಲೋಮೀಟರು ಹಿಂದಕ್ಕೆ ಬಂದು ಜೊತೆಗೂಡಿದನು. ಅವನು ಮಾತನಾಡಲಿಲ್ಲ, ನನ್ನ ಮಣಿಕಟ್ಟನ್ನು ಹಿಡಿದು ನಾಡಿ ನೋಡಿ ಬಿಟ್ಟನು. ಹೇಮಕೂಟದ ಬಂಡೆಗಳೂ ಅವುಗಳಾಚೆ ವಿರೂಪಾಕ್ಷನ ಗೋಪುರವೂ ಕಂಡುವು. ರಥಬೀದಿಯ ಬಾಯಲ್ಲಿ ಉಳಿದವರು ಹಗ್ಗವೊಂದನ್ನು ಅಡ್ಡಲಾಗಿ ಹಿಡಿದು ನಿಂತಿದ್ದರು. ಓಟಕ್ಕೆ ೧ ಗಂಟೆ ೩೮ ನಿಮಿಷ. ಬಟ್ಟೆ ಬದಲಿಸಿದ ಹದಿನಾರು ನಿಮಿಷವೂ ಸೇರಿ ಎಲ್ಲಕ್ಕೂ ೫ ಗಂಟೆ ೧೫ ನಿಮಿಷ. ಐವರಲ್ಲಿ ನಾನು ಐದನೆಯವನು.

ಮೈ ತೊಳೆಯಲೆಂದು ಹುಡುಗರು ಹೊಳೆಯ ಮೆಟ್ಟಿಲುಗಳಿಗೆ ಇಳಿದರು. ನಾನು ಮೇಲಿನ ಮೆಟ್ಟಿಲಿನಲ್ಲಿ ಕುಳಿತೆನು. ಅಂಗಡಿಯವನು ಕೆಳಗಿನಿಂದ ಕೂಗಿ ಕರೆದನು. ವೈದ್ಯನು ಅವನಿಗೆ ಏನೋ ಹೇಳಿದನು. ಆತನು ಸುಮ್ಮನಾಗಿ ಒಂದು ಬಕೆಟ್ಟಿನಲ್ಲಿ ನೀರು ತಂದು ನನ್ನ ಕಾಲಿನ ಬಳಿ ಇಟ್ಟನು. ಅದಿರಿನ ಕೆಂಪು ಇಳಿದು ಮೆಟ್ಟಿಲಿನ ಮೇಲೆ ಹರಿಯಿತು.

ಮಧ್ಯಾಹ್ನ ಮನೆಗೆ ಬಂದಾಗ ಅಮ್ಮನು ಹಿತ್ತಲಿನ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದಳು. ನಾನು ಹತ್ತಿರ ಹೋಗಿ ನಿಂತೆನು. ಅವಳು ಕೈ ನೀಡಿ ನನ್ನ ಚೀಲವನ್ನು ತಡವಿ ಟವೆಲನ್ನು ಎಳೆದು ಮೂಗಿಗೆ ಹಿಡಿದಳು.

“ಇದು ಹೊಳಿ ನೀರಲ್ಲ,” ಎಂದಳು.

“ಅಲ್ಲಮ್ಮಾ.”

“ಎರಡು ವರ್ಷದಿಂದ ಅಟ್ಟದ ಮ್ಯಾಲಿಂದ ಇದೇ ಔಷಧದ ವಾಸನಿ ಬರ್ತಿತ್ತು. ನಿನ್ನ ಪುಸ್ತಕಕ್ಕ ಗೆದ್ದಲು ಹತ್ತಿ ಏನೋ ಹೊಡೀತೀಯಂತ ಮೊದಲು ತಿಳದಿದ್ದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲಿ ತನಕ ಎಣಿಸಿದಿ?” ಎಂದು ಕೇಳಿದಳು.

“ಕ್ಷಯದ ತನಕ. ಮ್ಯಾಲೆ ಮತ್ತೊಂದು ಪ್ರಭವ.”

ಅವಳು ಟವೆಲನ್ನು ಹಿಂಡಿದಳು. ಹಿಂಡುವಷ್ಟು ನೀರು ಅದರಲ್ಲಿ ಉಳಿದಿರಲಿಲ್ಲ, ಆದರೂ ಎರಡು ಸಲ ಹಿಂಡಿ ನನ್ನ ಕೈಗಿತ್ತು, “ಇನ್ನ ಮ್ಯಾಲೆ ಇಲ್ಲೇ ತಂತಿಗೆ ಹಾಕು. ಅಟ್ಟದಾಗ ಬಿಸಿಲು ಬೀಳಂಗಿಲ್ಲ,” ಎಂದಳು.